ದೊಡ್ಡ ಬೇಟೆಯಲ್ಲಿ ಗುಂಡು ಮತ್ತು ಬ್ರಾಡ್‌ಹೆಡ್‌ಗಳ ದೋಷ: ಪತ್ತೆ ಮತ್ತು ಪರಿಹಾರ

ಗುಂಡು ತಗಲಿದ ಪ್ರಾಣಿ ಬೀಳದೆ ಓಡಿಹೋದಾಗ, ಅಥವಾ ಬಾಣ ನಾಟಿದ್ದನ್ನು ಕಣ್ಣಾರೆ ಕಂಡ ಮೇಲೂ ರಕ್ತದ ಜಾಡು ಸ್ವಲ್ಪ ದೂರಕ್ಕೇ ನಿಂತುಹೋದಾಗ, ಬೇಟೆಗಾರನ ಬಾಯಿಂದ ಮೊದಲು ಹೊರಡುವ ಮಾತು ಗುಂಡು ಸರಿಯಿಲ್ಲ, ಬಾಣದ ಮೊನೆ (ಹರಿತ ಅಲಗುಗಳಿರುವ ಬ್ರಾಡ್‌ಹೆಡ್) ಸರಿಯಿಲ್ಲ ಎಂಬುದೇ ಆಗಿರುತ್ತದೆ. ಕೆಲವೊಮ್ಮೆ ಆ ಮಾತು ನಿಜವೂ ಹೌದು. ಆದರೆ ದೋಷ ಗುಂಡಿನದೋ, ಗುರಿಯದೋ, ಕೋವಿಯದೋ, ಹೊಡೆದ ದೂರದ್ದೋ ಎಂದು ಬಿಡಿಸಿ ನೋಡದೆ ಬೇರೆ ತಯಾರಕರ ತೋಟಾ ಕೊಂಡರೆ, ಹಳೆಯ ದೋಷ ಹೊಸ ಪೆಟ್ಟಿಗೆಯ ಜೊತೆಗೇ ಮತ್ತೆ ಕಾಡಿಗೆ ಹೋಗುತ್ತದೆ. ಅದರ ನೋವು ಅನುಭವಿಸುವುದು ಪ್ರಾಣಿ. ಕಾನೂನು ಒಪ್ಪುವ ಕಡೆ, ಪರವಾನಗಿ ಪಡೆದು ಜಿಂಕೆ, ಎಲ್ಕ್, ಮೂಸ್, ಕಾಡುಹಂದಿಯಂಥ ದೊಡ್ಡ ಪ್ರಾಣಿಗಳನ್ನು ರೈಫಲ್‌ನಿಂದಲೋ ಬಿಲ್ಲಿನಿಂದಲೋ ಬೇಟೆಯಾಡುವವರು ಇಂತಹ ದೋಷವನ್ನು ಯಾವ ಕ್ರಮದಲ್ಲಿ ಪತ್ತೆ ಹಚ್ಚಬೇಕು, ಯಾವ ಲಕ್ಷಣಕ್ಕೆ ಯಾವ ಪರಿಹಾರ ಹೊಂದುತ್ತದೆ ಎಂಬುದನ್ನು ಇಲ್ಲಿ ವಿವರಿಸಿದೆ.

ಯಾವುದು ದೋಷ, ಯಾವುದು ಅಲ್ಲ

ಮೆದುಳಿಗೆ ಅಥವಾ ಕತ್ತಿನ ಭಾಗದ ಬೆನ್ನುಹುರಿಗೆ ಪೆಟ್ಟು ಬಿದ್ದರೆ ಪ್ರಾಣಿ ನಿಂತಲ್ಲೇ ಕುಸಿಯುತ್ತದೆ. ಹೃದಯ, ಶ್ವಾಸಕೋಶ ಅಥವಾ ದೊಡ್ಡ ರಕ್ತನಾಳ ಹರಿದರೆ ರಕ್ತದೊತ್ತಡ ಇಳಿದು, ಮೆದುಳಿಗೆ ಆಮ್ಲಜನಕ ಸಿಗದೆ ಪ್ರಜ್ಞೆ ತಪ್ಪುತ್ತದೆ. ಇದಕ್ಕೆ ಸ್ವಲ್ಪ ಸಮಯ ಬೇಕು. ಹೃದಯಕ್ಕೇ ಗುಂಡು ಬಿದ್ದ ಜಿಂಕೆಯೂ ಹತ್ತು ಹದಿನೈದು ಸೆಕೆಂಡು ಓಡಬಲ್ಲದು, ಅಷ್ಟರೊಳಗೆ ನೂರು ಮೀಟರ್ ದಾಟಲೂಬಹುದು. ಆದ್ದರಿಂದ ಪ್ರಾಣಿ ಓಡಿತು ಎಂಬುದಷ್ಟೇ ದೋಷದ ಸಾಕ್ಷ್ಯವಲ್ಲ. ಓಡಿದ ದಾರಿಯ ಉದ್ದಕ್ಕೂ ರಕ್ತವಿದ್ದು, ಕೊನೆಗೆ ಸತ್ತ ಪ್ರಾಣಿ ಸಿಕ್ಕಿ, ಎರಡೂ ಶ್ವಾಸಕೋಶಗಳು ಹರಿದಿದ್ದರೆ ಗುಂಡು ತನ್ನ ಕೆಲಸವನ್ನು ಮಾಡಿದೆ ಎಂದೇ ಅರ್ಥ. ಅಲ್ಲಿ ಬದಲಿಸಬೇಕಾದದ್ದು ಏನೂ ಇಲ್ಲ.

ಪ್ರಾಣಿ ತುಂಬ ಹೊತ್ತು ನರಳಿದರೆ, ಸಿಕ್ಕದೇ ಹೋದರೆ, ಎರಡನೆಯ ಹೊಡೆತ ಬೇಕಾದರೆ, ಅಥವಾ ಕಳೇಬರ ಬಿಡಿಸಿದಾಗ ಗುಂಡು ಎದೆಗೂಡನ್ನು ತಲುಪಿಯೇ ಇಲ್ಲವೆಂದು ತಿಳಿದರೆ, ಆಗ ತನಿಖೆ ಆರಂಭವಾಗಬೇಕು.

ಮೊದಲ ಸಾಕ್ಷ್ಯ: ಹೊಡೆದ ಸ್ಥಳ

ತನಿಖೆಯ ಮೊದಲ ಪ್ರಶ್ನೆ ಗುಂಡು ಅರಳಿತೇ (ಮೈಗೆ ಬಡಿದೊಡನೆ ಅದರ ತುದಿ ಅಣಬೆಯಂತೆ ಅಗಲವಾಯಿತೇ) ಎಂಬುದಲ್ಲ, ಎಲ್ಲಿ ತಗಲಿತು ಎಂಬುದು. ಪ್ರಾಣಿ ನಿಂತಿದ್ದ ಜಾಗಕ್ಕೆ ಗುರುತಿಟ್ಟು, ಅಲ್ಲಿ ಉದುರಿದ ಕೂದಲು, ಮೂಳೆಯ ಚೂರು, ರಕ್ತದ ಬಣ್ಣ ಇವನ್ನು ಗಮನಿಸಬೇಕು. ತಿಳಿಗೆಂಪಾಗಿ, ಸಣ್ಣ ಗುಳ್ಳೆಗಳ ನೊರೆಯಿಂದ ಕೂಡಿದ ರಕ್ತ ಶ್ವಾಸಕೋಶದ್ದು. ಗುಳ್ಳೆಯಿಲ್ಲದ ಕಡುಗೆಂಪು ರಕ್ತ ಹೆಚ್ಚಾಗಿ ಯಕೃತ್ತಿನದು. ಹಸಿರು ಅಥವಾ ಕಂದು ಬಣ್ಣದ, ಮೇವಿನ ತುಣುಕು ಸೇರಿದ, ಕೆಟ್ಟ ವಾಸನೆಯ ದ್ರವ ಕಂಡರೆ ಪೆಟ್ಟು ಹೊಟ್ಟೆಗೆ ಬಿದ್ದಿದೆ. ಹೊಳೆಯುವ ಕೆಂಪು ರಕ್ತ ಮೊದಲು ಧಾರಾಳವಾಗಿ ಬಿದ್ದು ಕ್ರಮೇಣ ಹನಿಯಾಗಿ ನಿಂತುಹೋದರೆ ಗುಂಡು ಮಾಂಸಖಂಡವನ್ನಷ್ಟೇ ಸೀಳಿದೆ ಎಂದು ಅನುಮಾನಿಸಬೇಕು.

ಈ ಓದು ಮುಂದಿನ ಕ್ರಮವನ್ನೂ ತೀರ್ಮಾನಿಸುತ್ತದೆ. ಎದೆಗೆ ತಗಲಿದ್ದರೆ ಅರ್ಧ ಗಂಟೆ, ಯಕೃತ್ತಿಗಾದರೆ ನಾಲ್ಕರಿಂದ ಆರು ಗಂಟೆ, ಹೊಟ್ಟೆಗಾದರೆ ಎಂಟರಿಂದ ಹನ್ನೆರಡು ಗಂಟೆ ಕಾಯ್ದು ಜಾಡು ಹಿಡಿಯುವುದು ರೂಢಿ. ಬೇಗ ಬೆನ್ನಟ್ಟಿದರೆ ಮಲಗಿದ್ದ ಪ್ರಾಣಿ ಎದ್ದು ಮತ್ತಷ್ಟು ದೂರ ಹೋಗುತ್ತದೆ. ಹೊಟ್ಟೆಗೆ ಬಿದ್ದ ಗುಂಡನ್ನು ಎಷ್ಟೇ ಒಳ್ಳೆಯ ತಯಾರಿಕೆಯೂ ಉಳಿಸಲಾರದು. ಗುಂಡಿನ ಮೇಲೆ ಬರುವ ದೂರುಗಳಲ್ಲಿ ದೊಡ್ಡ ಪಾಲು ಇಲ್ಲಿಯೇ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ: ಜಿಂಕೆಯ ಎದೆಯಲ್ಲಿ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ ಅಂದಾಜು 20 ಸೆಂಟಿಮೀಟರ್ ಅಗಲದ್ದು, ಅದೂ ಮುಂಗಾಲಿನ ಹಿಂದೆ, ಎದೆಯ ಕೆಳ ಅರ್ಧದಲ್ಲಿ. ಅದನ್ನು ತಪ್ಪಿಸಿದ ಮೇಲೆ ಗುಂಡಿನ ಬೆಲೆಯೂ ತೂಕವೂ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ರಕ್ತದ ಜಾಡು ತೆಳುವಾಗಿದ್ದ ಮಾತ್ರಕ್ಕೆ ಗುಂಡನ್ನೋ ಮೊನೆಯನ್ನೋ ದೂರಬಾರದು. ಮರದ ಮೇಲಿನ ಅಟ್ಟಣೆಯಿಂದ ಹೊಡೆದಾಗ ಒಳಹೊಕ್ಕ ರಂಧ್ರ ಎದೆಯ ಮೇಲ್ಭಾಗದಲ್ಲಿರುತ್ತದೆ. ಕೆಳಗೆ ಹೊರಬಿದ್ದ ರಂಧ್ರವಿಲ್ಲದಿದ್ದರೆ ಎದೆಗೂಡು ಒಳಗೇ ತುಂಬಿಕೊಳ್ಳುವವರೆಗೆ ಒಂದು ಹನಿಯೂ ಹೊರಗೆ ಬೀಳದಿರಬಹುದು. ಅಂತಹ ಪ್ರಾಣಿ ಹತ್ತಿರದಲ್ಲೇ ಸತ್ತು ಬಿದ್ದಿರುತ್ತದೆ, ಜಾಡು ಮಾತ್ರ ಇರುವುದಿಲ್ಲ.

ಎರಡನೆಯ ಸಾಕ್ಷ್ಯ: ಗುಂಡು ಹಾದ ದಾರಿ

ಪ್ರಾಣಿ ಸಿಕ್ಕಿದ್ದರೆ ಮಾಂಸ ಬಿಡಿಸುವ ಮೊದಲು ಐದು ನಿಮಿಷ ಈ ಕೆಲಸಕ್ಕೆ ಕೊಡಬೇಕು. ಒಳಹೊಕ್ಕ ರಂಧ್ರದ ಸುತ್ತ ಚರ್ಮ ಸುಲಿದು, ತೆಳುವಾದ ನಯವಾದ ಕಡ್ಡಿಯೊಂದನ್ನು ಒತ್ತಡ ಹಾಕದೆ ದಾರಿಯಲ್ಲಿ ಇಳಿಬಿಟ್ಟರೆ ಗುಂಡು ಹೋದ ದಿಕ್ಕು ತಿಳಿಯುತ್ತದೆ. ಪಕ್ಕೆಲುಬಿನ ಒಳಮೈ, ಎರಡೂ ಶ್ವಾಸಕೋಶಗಳು, ಆಚೆ ಬದಿಯ ಪಕ್ಕೆಲುಬು ಮತ್ತು ಆಚೆ ಬದಿಯ ಚರ್ಮದ ಒಳಭಾಗ, ಇದೇ ಅನುಕ್ರಮದಲ್ಲಿ ನೋಡಬೇಕು. ಸರಿಯಾಗಿ ಅರಳಿದ ಗುಂಡು ಹಾದ ಶ್ವಾಸಕೋಶದಲ್ಲಿ ಹೆಬ್ಬೆರಳು ಸಲೀಸಾಗಿ ಹೋಗುವಷ್ಟು ದೊಡ್ಡ ರಂಧ್ರವಿದ್ದು, ಅದರ ಸುತ್ತಲಿನ ಅಂಗಾಂಶ ಹೆಪ್ಪುಗಟ್ಟಿದ ರಕ್ತದಿಂದ ಕಪ್ಪಾಗಿ, ಕೈಯಲ್ಲಿ ಹಿಡಿದರೆ ಮೆತ್ತಗೆ ಕುಸಿಯುತ್ತದೆ. ಇದಕ್ಕೆ ಹೊರತಾದ ನಾಲ್ಕು ಚಿತ್ರಗಳು ಕಾಣಸಿಗುತ್ತವೆ.

ಮೊದಲನೆಯದು, ಎರಡೂ ಬದಿಯಲ್ಲಿ ಒಂದೇ ಅಳತೆಯ ಸಣ್ಣ ರಂಧ್ರವಿದ್ದು, ಒಳಗಿನ ದಾರಿ ಪೆನ್ಸಿಲಿನಷ್ಟೇ ದಪ್ಪವಾಗಿರುವುದು. ಗುಂಡು ಅರಳಿಲ್ಲ. ಇದಕ್ಕೆ ಕಾರಣಗಳು ಮೂರು. ಒಂದನೆಯದು, ಬಳಸಿದ ಗುಂಡು ಅರಳುವ ಜಾತಿಯದೇ ಅಲ್ಲದಿರುವುದು. ಸಂಪೂರ್ಣ ಲೋಹ ಹೊದಿಕೆಯ ಸೇನಾ ಮಾದರಿಯ ಗುಂಡುಗಳು ಅರಳದಂತೆಯೇ ರೂಪಿಸಲ್ಪಟ್ಟಿವೆ. ಸುಲಭವಾಗಿ ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಘೋಷಣೆ ಹೇಳಿತು, ಬೇಟೆಯ ನಿಯಮಗಳು ಬಹಳ ಕಡೆ ಅದಕ್ಕೆ ತದ್ವಿರುದ್ಧವಾಗಿ ಅರಳುವ ಗುಂಡನ್ನೇ ಕಡ್ಡಾಯ ಮಾಡುತ್ತವೆ. ಗುರಿಸ್ಪರ್ಧೆಗೆಂದು ಮಾಡಿದ ಮ್ಯಾಚ್ ಗುಂಡುಗಳ ತುದಿಯಲ್ಲಿ ಸಣ್ಣ ರಂಧ್ರ ಕಂಡರೂ ಅದು ತಯಾರಿಕಾ ವಿಧಾನದಿಂದ ಉಳಿದದ್ದು, ಅರಳಲೆಂದು ಇಟ್ಟದ್ದಲ್ಲ. ಅವು ಕೆಲವೊಮ್ಮೆ ಚೂರಾಗುತ್ತವೆ, ಕೆಲವೊಮ್ಮೆ ಹಾಗೆಯೇ ತೂರಿಹೋಗುತ್ತವೆ. ಈ ಅನಿಶ್ಚಿತತೆಯೇ ಅವನ್ನು ಬೇಟೆಗೆ ಬಳಸದಿರಲು ಸಾಕಾದ ಕಾರಣ. ಎರಡನೆಯದು, ಮೈಗೆ ತಗಲುವಾಗ ಗುಂಡಿನ ವೇಗ ತೀರ ಕುಗ್ಗಿರುವುದು. ಮೂರನೆಯದು, ಸಣ್ಣ ಮೈಕಟ್ಟಿನ ಪ್ರಾಣಿಗೆ ಎಮ್ಮೆಗೂ ಸಾಲುವಷ್ಟು ಗಟ್ಟಿ ಗುಂಡನ್ನು ಬಳಸಿರುವುದು. ಪಕ್ಕೆಲುಬುಗಳ ನಡುವೆ ಹಾಯುವಾಗ ಅರಳಲು ಬೇಕಾದ ಪ್ರತಿರೋಧ ಅದಕ್ಕೆ ಸಿಗುವುದಿಲ್ಲ.

ಎರಡನೆಯ ಚಿತ್ರ ಇದಕ್ಕೆ ವಿರುದ್ಧವಾದುದು: ಭುಜದ ಮೇಲೆ ಅಂಗೈ ಅಗಲದ ಭೀಕರ ಗಾಯವಿದ್ದು, ಅದರ ಕೆಳಗೆ ಎದೆಗೂಡು ಮುಟ್ಟದೆ ಉಳಿದಿರುವುದು. ಗುಂಡು ಚರ್ಮದಲ್ಲೋ ಭುಜದ ಮೂಳೆಯಲ್ಲೋ ಚೂರಾಗಿ ಚದುರಿದೆ. ಪ್ರಾಣಿಗೆ ಅತ್ಯಂತ ಕ್ರೂರವಾದ ದೋಷ ಇದೇ, ಏಕೆಂದರೆ ಅಂತಹ ಪ್ರಾಣಿ ಕುಂಟುತ್ತ ದಿನಗಟ್ಟಲೆ ಬದುಕಬಲ್ಲದು. ಹಗುರವಾದ, ತೆಳು ಹೊದಿಕೆಯ ಸೀಸದ ಗುಂಡನ್ನು ಅತಿ ವೇಗದ ತೋಟಾದಲ್ಲಿ ತುಂಬಿ ಹತ್ತಿರದಿಂದ ಹೊಡೆದಾಗ ಇದು ಹೆಚ್ಚು. ಅಮೆರಿಕದ ಬೇಟೆಗಾರ ಜಾನ್ ನೋಸ್ಲರ್ ಅವರಿಗೆ 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಎದುರಾದದ್ದು ಇದೇ ಸಮಸ್ಯೆ: ಕೆಸರು ಒಣಗಿ ಅಂಟಿದ್ದ ಮೂಸ್‌ನ ದಪ್ಪ ಚರ್ಮದ ಮೇಲೆ ವೇಗದ ತೋಟಾದ ಗುಂಡುಗಳು ಒಡೆದುಹೋದವು. ಅದಕ್ಕೆ ಅವರು ಕಂಡುಕೊಂಡ ಉತ್ತರ ಗುಂಡಿನ ನಡುವೆ ತಾಮ್ರದ ಮಿಶ್ರಲೋಹದ ಅಡ್ಡಗೋಡೆ: ಮುಂದಿನ ಅರ್ಧ ಅರಳಲಿ, ಬೇಕಾದರೆ ಒಡೆಯಲಿ, ಹಿಂದಿನ ಅರ್ಧ ಇಡಿಯಾಗಿ ಮುಂದೆ ಸಾಗಲಿ. ಪಾರ್ಟಿಷನ್ ಎಂಬ ಆ ಗುಂಡು ಇಂದಿಗೂ ತಯಾರಾಗುತ್ತಿದೆ.

ಮೂರನೆಯ ಚಿತ್ರದಲ್ಲಿ ಗುಂಡು ಆಚೆ ಬದಿಯ ಚರ್ಮದ ಒಳಗೆ, ಅಣಬೆಯಂತೆ ಅರಳಿ ಸಿಕ್ಕಿಕೊಂಡಿರುತ್ತದೆ. ಹಲವರು ಇದನ್ನೂ ಸೋಲೆಂದು ಬಗೆಯುತ್ತಾರೆ. ಎರಡೂ ಶ್ವಾಸಕೋಶ ದಾಟಿ ಬಂದಿದ್ದರೆ ಅದು ಸೋಲಲ್ಲ. ಆದರೆ ಈ ಗುಂಡನ್ನು ತೊಳೆದು ತೂಗಬೇಕು. 165 ಗ್ರೇನ್‌ನ (ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ) ಗುಂಡು 100 ಗ್ರೇನ್ ಉಳಿದಿದ್ದರೆ ಅದು ಸುಮಾರು ಶೇಕಡಾ 60. ಸಾಮಾನ್ಯ ಸೀಸ-ತಾಮ್ರದ ಗುಂಡಿಗೆ ಇದು ಸಹಜ. ಸೀಸವನ್ನು ಹೊದಿಕೆಗೆ ಬೆಸೆದ ಬಾಂಡೆಡ್ ಗುಂಡಿನಲ್ಲಿ ಅಷ್ಟೇ ಉಳಿದಿದ್ದರೆ ದೊಡ್ಡ ಮೂಳೆಗೆ ಬಡಿದಿರಬೇಕು, ಇಲ್ಲವೇ ವೇಗ ಮಿತಿಮೀರಿರಬೇಕು. ಇಡೀ ತಾಮ್ರದ ಗುಂಡಿನಲ್ಲಿ ಉಳಿದಿದ್ದರೆ ದಳಗಳೆಲ್ಲ ಮುರಿದುದುರಿವೆ ಎಂದು ತಿಳಿಯಬೇಕು, ಏಕೆಂದರೆ ಅದು ಶೇಕಡಾ 95ಕ್ಕಿಂತ ಹೆಚ್ಚು ತೂಕ ಉಳಿಸಿಕೊಳ್ಳುವುದು ವಾಡಿಕೆ.

ನಾಲ್ಕನೆಯದು, ದಾರಿ ನಡುವೆ ವಕ್ರವಾಗಿ ಹೊರಳಿರುವುದು ಮತ್ತು ಒಳಹೊಕ್ಕ ರಂಧ್ರ ದುಂಡಗಿರದೆ ಉದ್ದವಾಗಿರುವುದು. ಗುಂಡು ಅಡ್ಡಲಾಗಿ ಬಡಿದಿದೆ. ನಡುವೆ ರೆಂಬೆ ಸಿಕ್ಕಿತ್ತೇ ಎಂದು ಮೊದಲು ಹುಡುಕಿ. ಇಲ್ಲದಿದ್ದರೆ ಕಾಗದದ ಗುರಿಗೆ ಹೊಡೆದು ನೋಡಿ. ಅಲ್ಲಿಯೂ ಬೀಗದ ಕೈ ತೂರುವ ಕಿಂಡಿಯಂಥ ಉದ್ದನೆಯ ತೂತು ಬಿದ್ದರೆ ನಳಿಗೆಯ ತಿರುಚಿಗೂ (ಗುಂಡನ್ನು ಸುತ್ತಿಸಲು ಒಳಮೈಯಲ್ಲಿ ಕೊರೆದ ಸುರುಳಿ ಗೆರೆಗಳ ಬಿಗಿತಕ್ಕೂ) ಗುಂಡಿನ ಉದ್ದಕ್ಕೂ ಹೊಂದಾಣಿಕೆಯಿಲ್ಲ.

ವೇಗದ ಕಿಟಕಿ

ಮೇಲಿನ ಮೊದಲ ಎರಡು ದೋಷಗಳ ಹಿಂದೆ ಇರುವುದು ಹೆಚ್ಚಾಗಿ ಒಂದೇ ಕಾರಣ, ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು. ಪ್ರತಿ ಗುಂಡಿಗೂ ಸರಿಯಾಗಿ ಅರಳುವ ಒಂದು ವೇಗದ ವ್ಯಾಪ್ತಿಯಿದೆ. ಅದಕ್ಕಿಂತ ಕಡಿಮೆಯಾದರೆ ಅರಳುವುದಿಲ್ಲ, ಹೆಚ್ಚಾದರೆ ಒಡೆಯುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಪೆಟ್ಟಿಗೆಯ ಮೇಲೆ ಅಚ್ಚಾದ, ನಳಿಗೆಯ ಬಾಯಲ್ಲಿನ ವೇಗವಲ್ಲ, ಪ್ರಾಣಿಯ ಮೈಗೆ ತಗಲುವ ಕ್ಷಣದ ವೇಗ. ಸಾಮಾನ್ಯ ಸೀಸ-ತಾಮ್ರದ ಬೇಟೆಯ ಗುಂಡುಗಳಿಗೆ ಕೆಳಮಿತಿ ಸೆಕೆಂಡಿಗೆ ಸುಮಾರು 1800 ಅಡಿ, ಅಂದರೆ ಅಂದಾಜು 550 ಮೀಟರ್. ಇಡೀ ತಾಮ್ರದ ಗುಂಡುಗಳಿಗೆ 1800ರಿಂದ 2000 ಅಡಿಯೆಂದು ಇಟ್ಟುಕೊಳ್ಳುವುದು ಕ್ಷೇಮ. ದೂರದ ಹೊಡೆತಕ್ಕೆಂದೇ ಮಾಡಿದ ಕೆಲವು ಮೃದು ಗುಂಡುಗಳು ಇನ್ನೂ ಕಡಿಮೆ ವೇಗದಲ್ಲಿ ಅರಳುತ್ತವೆ, ಆದರೆ ಅವೇ ಗುಂಡುಗಳು ನಲವತ್ತು ಹೆಜ್ಜೆಯಲ್ಲಿ ಭುಜದ ಮೂಳೆಗೆ ಬಿದ್ದರೆ ಎರಡನೆಯ ಚಿತ್ರವನ್ನು ತೋರಿಸುತ್ತವೆ.

ಗಮನಕ್ಕೆ ಬಾರದೆ ಉಳಿಯುವ ಸಂಗತಿ ನಳಿಗೆಯ ಉದ್ದ. ಪೆಟ್ಟಿಗೆಯ ಮೇಲಿನ ವೇಗವನ್ನು ಸಾಮಾನ್ಯವಾಗಿ 24 ಇಂಚಿನ ಪರೀಕ್ಷಾ ನಳಿಗೆಯಲ್ಲಿ ಅಳೆದಿರುತ್ತಾರೆ. ಮಧ್ಯಮ ತೋಟಾಗಳಲ್ಲಿ ನಳಿಗೆ ಒಂದು ಇಂಚು ಗಿಡ್ಡವಾದರೆ ಸೆಕೆಂಡಿಗೆ 20ರಿಂದ 30 ಅಡಿ ವೇಗ ಹೋಗುತ್ತದೆ. 18 ಇಂಚಿನ ಕೋವಿ ಹಿಡಿದವನ ಗುಂಡು ಆರಂಭದಲ್ಲೇ 150 ಅಡಿಯಷ್ಟು ಹಿಂದೆ ಬಿದ್ದಿರುತ್ತದೆ. .308 (ಇಂಚುಗಳಲ್ಲಿ ಗುಂಡಿನ ವ್ಯಾಸ) ವರ್ಗದ ಗುಂಡು ನೂರು ಗಜಕ್ಕೆ ಸುಮಾರು 200 ಅಡಿ ವೇಗ ಕಳೆದುಕೊಳ್ಳುತ್ತದೆ ಎಂದು ಹಿಡಿದರೆ, ಅರಳುವ ಗರಿಷ್ಠ ದೂರ ಎಪ್ಪತ್ತು ಗಜಕ್ಕೂ ಹೆಚ್ಚು ಕುಗ್ಗಿತು. ಆದ್ದರಿಂದ ಕ್ರೋನೋಗ್ರಾಫ್ ಇಟ್ಟು ತನ್ನದೇ ಕೋವಿಯ ವೇಗ ಅಳೆಯದೆ ಗುಂಡು ಆರಿಸುವುದು ಅರ್ಧ ಕೆಲಸ. ಅಳೆದ ವೇಗವನ್ನೂ ಗುಂಡಿನ ಬ್ಯಾಲಿಸ್ಟಿಕ್ ಗುಣಾಂಕವನ್ನೂ (ಗುಂಡು ಗಾಳಿಯ ತಡೆಯನ್ನು ಎಷ್ಟು ಚೆನ್ನಾಗಿ ಮೀರುತ್ತದೆ ಎಂಬುದರ ಅಂಕಿ) ಯಾವುದಾದರೂ ಲೆಕ್ಕದ ಆ್ಯಪ್‌ಗೆ ಕೊಟ್ಟು, ವೇಗ ಕೆಳಮಿತಿಗೆ ಇಳಿಯುವ ದೂರವನ್ನು ಬರೆದಿಟ್ಟುಕೊಳ್ಳಿ. ಹೊಡೆತದ ಗರಿಷ್ಠ ದೂರ ಅದು. ನಿಮ್ಮ ಕೈಯ ಗುರಿ ಅದಕ್ಕಿಂತ ಮೊದಲೇ ಸಡಿಲವಾಗುತ್ತಿದ್ದರೆ ಗುರಿಯ ದೂರವೇ ಮಿತಿ.

ಶಕ್ತಿಯ ಅಂಕಿಗಳನ್ನು ನಂಬುವವರಿಗೂ ಒಂದು ಮಾತು. ಜರ್ಮನಿಯಲ್ಲಿ ಕೆಂಪು ಜಿಂಕೆಯಂಥ ದೊಡ್ಡ ಪ್ರಾಣಿಗೆ ಕನಿಷ್ಠ 6.5 ಮಿಲಿಮೀಟರ್ ವ್ಯಾಸ ಮತ್ತು 100 ಮೀಟರ್ ದೂರದಲ್ಲಿ 2000 ಜೂಲ್ ಬೇಕೆಂಬ ನಿಯಮವಿದೆ. ಸಣ್ಣ ಮೈಕಟ್ಟಿನ ರೋ ಜಿಂಕೆಗೆ 1000 ಜೂಲ್ ಸಾಕು. ಇವು ಕೆಳಗಿನ ಮಿತಿಗಳಷ್ಟೇ. ಅರಳದೆ ತೂರಿಹೋದ ಗುಂಡು ತನ್ನ ಶಕ್ತಿಯ ಬಹುಪಾಲನ್ನು ಆಚೆಯ ಮಣ್ಣಿಗೆ ಒಪ್ಪಿಸಿರುತ್ತದೆ.

ಪರಿಹಾರ: ಯಾವ ಗುಂಡಿನಿಂದ ಯಾವುದಕ್ಕೆ

ಅರಳದ ದೋಷಕ್ಕೆ ಪರಿಹಾರ ಮೃದುವಾದ ಗುಂಡು ಅಥವಾ ಹತ್ತಿರದ ಹೊಡೆತ. ಪಾಲಿಮರ್ ತುದಿಯ ಗುಂಡು ಇಲ್ಲಿ ಸಹಾಯಕ, ಏಕೆಂದರೆ ಬಡಿದ ಕ್ಷಣ ಆ ತುದಿ ಹಿಂದಕ್ಕೆ ಒತ್ತಿ ಅರಳುವಿಕೆಯನ್ನು ಆರಂಭಿಸುತ್ತದೆ, ಜೊತೆಗೆ ಗುಂಡಿನ ಮುಂತುದಿಯ ಟೊಳ್ಳಿನೊಳಗೆ ಕೂದಲು ಮತ್ತು ಚರ್ಮ ತುಂಬಿ ಕಟ್ಟಿಕೊಳ್ಳುವುದನ್ನು ತಡೆಯುತ್ತದೆ. ಒಡೆಯುವ ದೋಷಕ್ಕೆ ಪರಿಹಾರ ಮೂರು ದಾರಿಗಳಲ್ಲಿದೆ: ಅದೇ ವ್ಯಾಸದಲ್ಲಿ ಭಾರವಾದ ಗುಂಡು, ಸೀಸವನ್ನು ಹೊದಿಕೆಗೆ ಬೆಸೆದ ಬಾಂಡೆಡ್ ಗುಂಡು, ಅಥವಾ ಇಡೀ ತಾಮ್ರದ ಗುಂಡು.

ಭಾರವಾದ ಗುಂಡು ಏಕೆ ಆಳಕ್ಕೆ ಹೋಗುತ್ತದೆ ಎಂಬುದನ್ನು ಸೆಕ್ಷನಲ್ ಡೆನ್ಸಿಟಿ ತಿಳಿಸುತ್ತದೆ. ಪೌಂಡುಗಳಲ್ಲಿನ ತೂಕವನ್ನು ಇಂಚುಗಳಲ್ಲಿನ ವ್ಯಾಸದ ವರ್ಗದಿಂದ ಭಾಗಿಸಿದರೆ ಅದು ದೊರೆಯುತ್ತದೆ: .308 ಇಂಚಿನ 150 ಗ್ರೇನ್ ಗುಂಡಿಗೆ 0.226, 180 ಗ್ರೇನ್‌ಗೆ 0.271, 6.5 ಮಿಲಿಮೀಟರಿನ 140 ಗ್ರೇನ್‌ಗೆ 0.287. ಸಣ್ಣ ವ್ಯಾಸದ 6.5 ಗುಂಡು ತನ್ನ ಹಗುರ ಒದೆತಕ್ಕೂ ಮೀರಿ ಆಳಕ್ಕೆ ಹೋಗುವ ಗುಟ್ಟು ಇಲ್ಲಿದೆ. ಆದರೆ ಈ ಸಂಖ್ಯೆ ಅರಳುವ ಮೊದಲಿನದು. ಅರಳಿ ಮೈ ಅಗಲವಾದ ಮೇಲೆ, ಅರ್ಧ ತೂಕ ಉದುರಿದ ಮೇಲೆ, ಲೆಕ್ಕ ಬದಲಾಗುತ್ತದೆ. ಹಾಗಾಗಿ ರಚನೆಯನ್ನು ಬಿಟ್ಟು ಈ ಸಂಖ್ಯೆಯೊಂದನ್ನೇ ಹಿಡಿದು ಗುಂಡು ಆರಿಸಬಾರದು.

ತಾಮ್ರದ ಗುಂಡಿಗೆ ಬದಲಾಯಿಸುವವರು ಬಹಳ ಸಲ ಹೊಸ ದೋಷವೊಂದನ್ನು ತಂದುಕೊಳ್ಳುತ್ತಾರೆ. ತಾಮ್ರದ ಸಾಂದ್ರತೆ ಸುಮಾರು 9, ಸೀಸದ್ದು 11.3, ಅದೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗುತ್ತದೆ, ಉದ್ದವಾದ ಗುಂಡಿಗೆ ಬಿಗಿಯಾದ ತಿರುಚು ಬೇಕು. ಹಳೆಯ ನಳಿಗೆಯಲ್ಲಿ ಅದೇ 180 ಗ್ರೇನ್ ತಾಮ್ರ ಹಾಕಿದರೆ ಗುಂಪು (ಗುರಿಯ ಮೇಲೆ ಗುಂಡುಗಳು ಒಟ್ಟಾಗಿ ಬೀಳುವ ಜಾಗ) ಚದುರಬಹುದು, ವೇಗವೂ ಸಾಲದೆ ಅರಳದಿರಬಹುದು. ಒಂದು ಮೆಟ್ಟಿಲು ಕೆಳಗಿಳಿದು 150 ಅಥವಾ 165 ಗ್ರೇನ್ ಆರಿಸುವುದು ಸರಿಯಾದ ದಾರಿ: ತೂಕ ಉದುರದ ಕಾರಣ ಆಳ ಕಡಿಮೆಯಾಗುವುದಿಲ್ಲ, ಹೆಚ್ಚಿದ ವೇಗ ಅರಳಲು ನೆರವಾಗುತ್ತದೆ. ಸೀಸದ ಗುಂಡಿನ ಸಣ್ಣ ಚೂರುಗಳು ಮಾಂಸದಲ್ಲಿ ಮತ್ತು ಬಿಟ್ಟುಬಂದ ಕರುಳಿನಲ್ಲಿ ಉಳಿಯುತ್ತವೆ, ಅದನ್ನು ತಿಂದ ರಣಹದ್ದುಗಳು ವಿಷವೇರಿ ಸಾಯುತ್ತವೆ ಎಂಬ ಕಾರಣಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2019ರ ಜುಲೈನಿಂದ ಬೇಟೆಗೆ ಸೀಸವನ್ನು ಪೂರ್ತಿ ನಿಷೇಧಿಸಿದೆ. ಅಂತಹ ನಿಯಮವಿರುವಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ.

ಗುಂಡು ಯಾವುದೇ ಬದಲಾದರೂ ಸ್ಕೋಪಿನ ಶೂನ್ಯವನ್ನು (ನಿಗದಿತ ದೂರದಲ್ಲಿ ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳುವ ಹೊಂದಿಕೆಯನ್ನು) ಹೊಸದಾಗಿ ಹಿಡಿಯಬೇಕು. ಅದಕ್ಕೂ ಮೊದಲು ನಳಿಗೆಯಲ್ಲಿ ಕಟ್ಟಿದ ಹಳೆಯ ತಾಮ್ರದ ಕಿಲುಬನ್ನು ತೆಗೆಯಬೇಕು.

ಬ್ರಾಡ್‌ಹೆಡ್: ಹಾರಾಟದಿಂದ ಆರಂಭಿಸಿ

ಬಾಣ ಕೊಲ್ಲುವ ರೀತಿಯೇ ಬೇರೆ. ಗುಂಡು ವೇಗದಿಂದ ಅಂಗಾಂಶವನ್ನು ಹಿಗ್ಗಿಸಿ ಹರಿಯುತ್ತದೆ. ಬಾಣದ ಅಲಗು ಕತ್ತರಿಸುತ್ತದೆ, ಅಷ್ಟೇ. ಆದ್ದರಿಂದ ಇಲ್ಲಿ ದೋಷ ಹುಡುಕುವ ಅನುಕ್ರಮ ಹಾರಾಟ, ಹರಿತ, ಆಳ, ಆಮೇಲೆ ಅಲಗಿನ ವಿನ್ಯಾಸ. ಬಹುತೇಕರು ಕೊನೆಯದರಿಂದ ಆರಂಭಿಸಿ ಅಲ್ಲಿಯೇ ನಿಲ್ಲುತ್ತಾರೆ.

ಅಭ್ಯಾಸದ ಮೊನೆ ಒಂದು ಕಡೆ, ಬ್ರಾಡ್‌ಹೆಡ್ ಇನ್ನೊಂದು ಕಡೆ ಬೀಳುತ್ತಿದ್ದರೆ ಬಾಣ ಬಿಲ್ಲಿನಿಂದ ನೇರವಾಗಿ ಹೊರಡುತ್ತಿಲ್ಲ. ಅಲಗು ಗಾಳಿಯಲ್ಲಿ ರೆಕ್ಕೆಯಂತೆ ವರ್ತಿಸಿ ಆ ಓರೆಯನ್ನು ದೊಡ್ಡದು ಮಾಡುತ್ತಿದೆ. ಮೊದಲು ಮೊನೆ ನೇರವಾಗಿ ಕೂತಿದೆಯೇ ನೋಡಿ: ಬಾಣವನ್ನು ಮೊನೆಯ ತುದಿಯ ಮೇಲೆ ನಿಲ್ಲಿಸಿ, ಬೆರಳುಗಳ ನಡುವೆ ತಿರುಗಿಸಿದಾಗ ಮೊನೆ ಮತ್ತು ಕಡ್ಡಿ ಸೇರುವ ಜಾಗ ಅಲುಗಾಡಿದಂತೆ ಕಂಡರೆ ಆ ಬಾಣವನ್ನು ಪಕ್ಕಕ್ಕಿಡಿ. ಅಲುಗಾಟವಿಲ್ಲದಿದ್ದರೆ ಬಿಲ್ಲನ್ನು ಹೊಂದಿಸಬೇಕು. ಬ್ರಾಡ್‌ಹೆಡ್ ಎಡಕ್ಕೆ ಬೀಳುತ್ತಿದ್ದರೆ ಬಾಣ ಕೂರುವ ರೆಸ್ಟನ್ನು ಕೂದಲೆಳೆಯಷ್ಟು ಬಲಕ್ಕೆ, ಕೆಳಗೆ ಬೀಳುತ್ತಿದ್ದರೆ ಮೇಲಕ್ಕೆ ಸರಿಸಿ, ಎರಡೂ ಬಗೆಯ ಮೊನೆಗಳು ಒಂದೇ ಜಾಗಕ್ಕೆ ಬರುವವರೆಗೆ ಮುಂದುವರಿಯಬೇಕು. ಗುರಿಯಿಡಲು ನೋಡುವ ಸೈಟ್ ಪಿನ್ನನ್ನು ತಿರುಗಿಸಿ ಬ್ರಾಡ್‌ಹೆಡ್ಡನ್ನು ಗುರಿಗೆ ತಂದರೆ ಕಣ್ಣಿಗೆ ಸಮಾಧಾನವಾಗುತ್ತದೆ, ಬಾಣ ಮಾತ್ರ ಓರೆಯಾಗಿಯೇ ಹೋಗಿ ಬಡಿಯುತ್ತದೆ. ಓರೆಯಾಗಿ ಬಡಿದ ಬಾಣ ತನ್ನ ಬಲವನ್ನು ಕಡ್ಡಿಯ ಬಾಗುವಿಕೆಯಲ್ಲೇ ಕಳೆದುಕೊಳ್ಳುತ್ತದೆ.

ಎರಡನೆಯದು ಹರಿತ. ಬಿಗಿಯಾಗಿ ಎಳೆದು ಕಟ್ಟಿದ ರಬ್ಬರ್ ಬ್ಯಾಂಡಿನ ಮೇಲೆ ಅಲಗನ್ನು ಹಗುರವಾಗಿ ತಾಗಿಸಿ. ಹರಿತವಾದ ಅಲಗು ತಾಗಿದೊಡನೆ ಅದನ್ನು ತುಂಡರಿಸುತ್ತದೆ. ಮೊಂಡ ಅಲಗು ಬ್ಯಾಂಡನ್ನು ಮುಂದೆ ತಳ್ಳಿಕೊಂಡು ಹೋಗುತ್ತದೆ. ಎದೆಯೊಳಗಿನ ರಕ್ತನಾಳವೂ ರಬ್ಬರಿನಂತೆಯೇ ಜಾರುವ, ಹಿಗ್ಗುವ ವಸ್ತು, ಮೊಂಡ ಅಲಗಿನ ಎದುರು ಅದು ಪಕ್ಕಕ್ಕೆ ಸರಿದು ಉಳಿದುಕೊಳ್ಳುತ್ತದೆ. ಅದಲ್ಲದೆ ನಯವಾಗಿ ಕತ್ತರಿಸಿದ ಗಾಯ ಬೇಗ ಹೆಪ್ಪುಗಟ್ಟುವುದಿಲ್ಲ, ಜಜ್ಜಿ ಹರಿದ ಗಾಯ ಬೇಗ ಹೆಪ್ಪುಗಟ್ಟುತ್ತದೆ. ಹೊಸ ಪೆಟ್ಟಿಗೆಯಿಂದ ತೆಗೆದ ಅಲಗೂ ಈ ಪರೀಕ್ಷೆಯಲ್ಲಿ ಸೋಲಬಹುದು. ಸಾಣೆ ಹಿಡಿಯುವಾಗ ಅಲಗಿನ ಇಳಿಜಾರಿಗೆ ಮಾರ್ಕರ್ ಶಾಯಿ ಬಳಿದು ಕಲ್ಲಿನ ಮೇಲೆ ಒಂದೆರಡು ಸಲ ಎಳೆದರೆ, ಶಾಯಿ ಅಂಚಿನಲ್ಲಿ ಉಳಿದಿದೆಯೋ ಮೇಲ್ಭಾಗದಲ್ಲಿ ಉಳಿದಿದೆಯೋ ಎಂಬುದರಿಂದ ಕೋನ ತಪ್ಪಿದ್ದು ತಕ್ಷಣ ತಿಳಿಯುತ್ತದೆ. ಅಭ್ಯಾಸಕ್ಕೆ ಬಳಸಿದ ಅಲಗನ್ನು ಮತ್ತೆ ಸಾಣೆ ಹಿಡಿಯದೆ ಅಥವಾ ಬದಲಿಸದೆ ಬೇಟೆಗೆ ಒಯ್ಯಬಾರದು. ಒಮ್ಮೆ ಗುರಿಯ ಫೋಮ್ ಹೊಕ್ಕ ಅಲಗು ಹರಿತ ಉಳಿಸಿಕೊಂಡಿರುವುದಿಲ್ಲ.

ಬಾಣ ಆಳಕ್ಕೆ ಹೋಗದಿದ್ದರೆ

ಬಾಣ ಒಂದು ಗೇಣು ಒಳಹೊಕ್ಕು ನಿಂತಿದ್ದರೆ ಮೂರು ಸಂಗತಿಗಳನ್ನು ಪರಿಶೀಲಿಸಬೇಕು: ಮೂಳೆಗೆ ಬಡಿಯಿತೇ, ಅಲಗು ಮುರಿದಿದೆಯೇ ಅಥವಾ ಬಾಗಿದೆಯೇ, ಬಾಣಕ್ಕೆ ತೂಕವಿತ್ತೇ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಬಾಣಗಳ ಪರಿಣಾಮವನ್ನು ಪ್ರಾಣಿಗಳ ಮೇಲೆಯೇ ಅಧ್ಯಯನ ಮಾಡಿದ ಎಡ್ ಆ್ಯಶ್ಬಿ ಅವರು ಎಲ್ಲಕ್ಕಿಂತ ಮೊದಲು ಇಟ್ಟ ಅಂಶ ಬಾಣ ಮತ್ತು ಮೊನೆ ಮುರಿಯದೆ ಉಳಿಯುವುದು. ದಪ್ಪ ಮೂಳೆಯನ್ನು ಭೇದಿಸಲು ಅವರು ಹೇಳಿದ ಬಾಣದ ತೂಕ 650 ಗ್ರೇನ್. ಜಿಂಕೆಯ ಬೇಟೆಗೆ ಅಷ್ಟು ತೂಕ ಬೇಕೇಬೇಕೆಂದು ನನಗೆ ಅನಿಸುವುದಿಲ್ಲ, ಆದರೆ ಅದರ ಹಿಂದಿನ ಲೆಕ್ಕ ಎಲ್ಲರಿಗೂ ಉಪಯುಕ್ತ. ಒಂದೇ ಬಿಲ್ಲು 400 ಗ್ರೇನ್ ಬಾಣವನ್ನು ಸೆಕೆಂಡಿಗೆ 280 ಅಡಿಯಲ್ಲೂ 650 ಗ್ರೇನ್ ಬಾಣವನ್ನು 225 ಅಡಿಯಲ್ಲೂ ಬಿಡುತ್ತದೆ ಎಂದು ಇಟ್ಟುಕೊಳ್ಳೋಣ. ಚಲನಶಕ್ತಿ ಸುಮಾರು 94ರಿಂದ 99 ಜೂಲ್‌ಗೆ ಏರುತ್ತದೆ, ಅಂದರೆ ಹೆಚ್ಚುಕಡಿಮೆ ಅಷ್ಟೇ. ಸಂವೇಗ (ತೂಕ ಮತ್ತು ವೇಗದ ಗುಣಲಬ್ಧ) ಮಾತ್ರ ಶೇಕಡಾ 30ರಷ್ಟು ಹೆಚ್ಚುತ್ತದೆ. ಮೂಳೆ ಮತ್ತು ಮಾಂಸದ ನಿರಂತರ ತಡೆಯನ್ನು ದಾಟಿ ಮುಂದೆ ಸಾಗುವ ಬಾಣಕ್ಕೆ ಬೇಕಾದದ್ದು ಈ ಸಂವೇಗ. ಅದರ ಬೆಲೆ ಬಾಗಿದ ಪಥ: ದೂರದ ಅಂದಾಜು ಐದು ಗಜ ತಪ್ಪಿದರೂ ಭಾರದ ಬಾಣ ಬಹಳ ಕೆಳಗೆ ಬೀಳುತ್ತದೆ.

ತೂಕವನ್ನು ಮುಂದೆ ಸೇರಿಸುವುದು ಹಾರಾಟಕ್ಕೂ ಒಳ್ಳೆಯದು. ಬಾಣದ ಸಮತೋಲದ ಬಿಂದು ನಡುಮಧ್ಯದಿಂದ ಎಷ್ಟು ಮುಂದಿದೆ ಎಂದು ಅಳೆದು ಬಾಣದ ಉದ್ದದಿಂದ ಭಾಗಿಸಬೇಕು; 28 ಇಂಚಿನ ಬಾಣ ಹಿಂತುದಿಯಿಂದ 17.5 ಇಂಚಿನಲ್ಲಿ ಸಮತೋಲವಾದರೆ ಅದು ಶೇಕಡಾ 12.5. ಸಾಮಾನ್ಯ ಬೇಟೆಗೆ ಹತ್ತರಿಂದ ಹದಿನೈದು ಸರಿ. ಆದರೆ 100 ಗ್ರೇನ್ ಮೊನೆ ತೆಗೆದು 200 ಗ್ರೇನ್‌ನದನ್ನು ತಿರುಗಿಸಿ ಕೂರಿಸಿದರೆ ಕಡ್ಡಿ ಬಿಡುವಾಗ ಹೆಚ್ಚು ಬಾಗುತ್ತದೆ, ಗಡಸು ಕಡ್ಡಿ ತೆಗೆದುಕೊಳ್ಳದಿದ್ದರೆ ಹಾರಾಟದ ದೋಷ ಮರಳಿ ಬರುತ್ತದೆ.

ಈಗ ವಿನ್ಯಾಸ. ಸ್ಥಿರ ಅಲಗಿನ ಮೊನೆ ಕಡಿಮೆ ಅಗಲ ಕತ್ತರಿಸುತ್ತದೆ, ಆದರೆ ಆಳಕ್ಕೆ ಹೋಗುತ್ತದೆ, ಅದರಲ್ಲಿ ಕೆಡುವ ಭಾಗಗಳಿಲ್ಲ. ಬಡಿದಾಗ ಬಿಚ್ಚಿಕೊಳ್ಳುವ ಮೆಕ್ಯಾನಿಕಲ್ ಮೊನೆ ಒಂದೂವರೆಯಿಂದ ಎರಡು ಇಂಚು ಅಗಲ ಕತ್ತರಿಸುತ್ತದೆ, ಅಭ್ಯಾಸದ ಮೊನೆಯಂತೆಯೇ ಹಾರುತ್ತದೆ. ಬದಲಿಗೆ ಬಿಚ್ಚಿಕೊಳ್ಳಲೂ ಅಷ್ಟು ಅಗಲ ಸೀಳಲೂ ಬಲ ತಿನ್ನುತ್ತದೆ. ಬಾಣ ಮೇಲ್ಮೈಯಲ್ಲೇ ಜಾರಿದ ಗುರುತು, ಅಥವಾ ಒಳಹೊಕ್ಕ ರಂಧ್ರದಲ್ಲಿ ಒಂದೇ ಅಲಗಿನ ಗೆರೆ ಕಂಡರೆ ಅಲಗುಗಳು ಸಮನಾಗಿ ಬಿಚ್ಚಿಕೊಂಡಿಲ್ಲ. ಅಲಗನ್ನು ಹಿಡಿದಿಡುವ ರಬ್ಬರ್ ಉಂಗುರ ಹಳತಾಗಿ ಬಿರುಕು ಬಿಟ್ಟಿರಬಹುದು, ಇಲ್ಲವೇ ಹೊಡೆತದ ಕೋನ ತೀರ ಓರೆಯಾಗಿರಬಹುದು. ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಂಕೆಗೆ ಕನಿಷ್ಠ 40 ಪೌಂಡ್ ಎಳೆತ ಮತ್ತು ಇಂಚಿನ ಎಂಟನೇ ಏಳು ಭಾಗದಷ್ಟು ಅಗಲದ ಮೊನೆ ಬೇಕೆಂಬ ನಿಯಮವಿದೆ. ಆ ಕೆಳಮಿತಿಯ ಆಸುಪಾಸಿನಲ್ಲಿರುವ ಬಿಲ್ಲಿಗೆ ಮೆಕ್ಯಾನಿಕಲ್ ಮೊನೆ ಹೊಂದುವುದಿಲ್ಲ. ಅಗಲದ ಮೂರು ಪಟ್ಟು ಉದ್ದವಿರುವ, ಎರಡು ಅಲಗಿನ ಸ್ಥಿರ ಮೊನೆಯೇ ಅಲ್ಲಿ ಸರಿ.

ಬಿಲ್ಲು ಸರಿಯಿದ್ದು, ಗುಂಪು ಸರಿಯಿದ್ದು, ಬೇಟೆಯಲ್ಲಿ ಮಾತ್ರ ಬಾಣ ಮೇಲಕ್ಕೆ ಬೀಳುತ್ತಿದ್ದರೆ ಸೈಟ್ ಮುಟ್ಟಬೇಡಿ. ಹೆದೆಯ ಸದ್ದು ಸೆಕೆಂಡಿಗೆ ಸುಮಾರು 1125 ಅಡಿ ವೇಗದಲ್ಲಿ ಹೋಗುತ್ತದೆ. 30 ಗಜ ದೂರದ ಜಿಂಕೆಗೆ ಅದು 0.08 ಸೆಕೆಂಡಿನಲ್ಲಿ ಮುಟ್ಟುತ್ತದೆ, 280 ಅಡಿ ವೇಗದ ಬಾಣಕ್ಕೆ 0.32 ಸೆಕೆಂಡು ಬೇಕು. ಬೆದರಿದ ಜಿಂಕೆ ನೆಗೆಯುವ ಮೊದಲು ಕಾಲು ಮಡಿಸಿ ತಗ್ಗುತ್ತದೆ, ಬಾಣ ತಲುಪುವಾಗ ಎದೆ ಕೆಲವು ಇಂಚು ಕೆಳಗಿಳಿದಿರುತ್ತದೆ. ಈ ದೋಷಕ್ಕೆ ಹೆಚ್ಚು ವೇಗದ ಬಾಣ ಪೂರ್ಣ ಉತ್ತರವಲ್ಲ, ಏಕೆಂದರೆ ಯಾವ ಬಿಲ್ಲೂ ಸದ್ದಿನೊಡನೆ ಸ್ಪರ್ಧಿಸಲಾರದು. ಹೆದೆಗೆ ಸದ್ದಡಗಿಸುವ ರಬ್ಬರ್ ಎಳೆಗಳನ್ನು ಕಟ್ಟುವುದು, ಕಿವಿ ನೆಟ್ಟಗೆ ಮಾಡಿ ನಿಂತ ಪ್ರಾಣಿಗೆ ಬಾಣ ಬಿಡದಿರುವುದು, ಅದು ಅಡ್ಡಕ್ಕೆ ಅಥವಾ ತುಸು ಆಚೆ ಮುಖಮಾಡಿ ನಿಲ್ಲುವವರೆಗೆ ಕಾಯುವುದು, ದೂರವನ್ನು 20 ಗಜಕ್ಕೆ ಇಳಿಸುವುದು, ಇವು ಮೊನೆ ಬದಲಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳು.

ಬದಲಾವಣೆಯ ಕ್ರಮ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಗುಂಡು, ದೂರ ಮತ್ತು ಗುರಿಯಿಡುವ ಜಾಗ ಮೂರನ್ನೂ ಒಟ್ಟಿಗೆ ಬದಲಿಸಿದವನಿಗೆ ಮುಂದಿನ ಫಲಿತಾಂಶ ಒಳ್ಳೆಯದಾದರೂ ಯಾವುದರಿಂದ ಆಯಿತು ಎಂದು ತಿಳಿಯುವುದಿಲ್ಲ. ಹೊಸ ಗುಂಡನ್ನು ಕಾಡಿಗೆ ಒಯ್ಯುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ ಬಿಗಿಯಾಗಿ ಕಟ್ಟಿದ ಪತ್ರಿಕೆಗಳ ಕಂತೆಗೆ, ಗುಂಡು ಹಾರಿಸುವ ಅಭ್ಯಾಸದ ಸುರಕ್ಷಿತ ಜಾಗದಲ್ಲಿ, ನಿಮ್ಮ ಗರಿಷ್ಠ ದೂರದಿಂದಲೂ ಅತಿ ಹತ್ತಿರದಿಂದಲೂ ಹೊಡೆದು ನೋಡಿ. ನೆನೆದ ಕಾಗದ ಪ್ರಾಣಿಯ ಮೈಯಲ್ಲ, ಅದರ ಆಳವನ್ನು ಪ್ರಾಣಿಗೆ ಹೋಲಿಸಲಾಗದು. ಆದರೆ ಎರಡು ದೂರಗಳಲ್ಲೂ ಗುಂಡು ಅರಳಿ ಇಡಿಯಾಗಿ ಉಳಿಯುತ್ತದೆಯೇ ಎಂಬುದನ್ನು ಅದು ತೋರಿಸುತ್ತದೆ. ಹಾಗೆ ಸಿಕ್ಕ ಗುಂಡುಗಳನ್ನೂ ಬೇಟೆಯಲ್ಲಿ ಸಿಕ್ಕ ಗುಂಡುಗಳನ್ನೂ ದೂರ, ಅಳೆದ ವೇಗ, ಉಳಿದ ತೂಕ, ತಗಲಿದ ಜಾಗ ಬರೆದ ಚೀಟಿಯೊಂದಿಗೆ ಸಣ್ಣ ಪೊಟ್ಟಣಗಳಲ್ಲಿ ತೆಗೆದಿಡಿ. ಮುಂದೆ ಗುಂಡು ಸರಿಯಿಲ್ಲ ಎಂಬ ಅನುಮಾನ ಬಂದಾಗ ಆ ಪೊಟ್ಟಣಗಳನ್ನು ಮೇಜಿನ ಮೇಲೆ ಹರಡಿ, ಹೊಸದಾಗಿ ಸಿಕ್ಕ ಗುಂಡನ್ನು ಅವುಗಳ ಪಕ್ಕದಲ್ಲಿಟ್ಟು ಹೋಲಿಸಿ ನೋಡಬಹುದು.